ಸೋಯಾ ರಸದಲ್ಲಿ ಬತ್ತಿಸಿದ ಮೊಟ್ಟೆ: ಮಕ್ಕಳ ಅನ್ನಕ್ಕೆ ಕೊರಿಯಾದ ಗ್ಯೇರಾನ್ ಜಾಂಗ್‌ಜೋರಿಮ್

ಕೊರಿಯನ್ ಭಾಷೆಯಲ್ಲಿ ‘ಗ್ಯೇರಾನ್’ ಎಂದರೆ ಕೋಳಿಮೊಟ್ಟೆ. ‘ಜಾಂಗ್’ ಎಂದರೆ ಸೋಯಾ ಸಾಸ್ ಮತ್ತು ಅದರ ಬಳಗದ ಹುದುಗಿಸಿದ ಸಾಸುಗಳು. ‘ಜೋರಿಮ್’ ಎಂದರೆ ಬತ್ತಿಸಿದ್ದು. ಮೂಲದಲ್ಲಿ ಜಾಂಗ್‌ಜೋರಿಮ್ ದನದ ಮಾಂಸದ ಅಡುಗೆ. ಕೊಬ್ಬಿಲ್ಲದ ತುಂಡನ್ನು ಬೇಯಿಸಿ, ಎಳೆ ಎಳೆಯಾಗಿ ಬಿಡಿಸಿ, ಸೋಯಾ ಸಾಸಿನಲ್ಲಿ ಬತ್ತಿಸುತ್ತಾರೆ. ಅದೇ ಪಾತ್ರೆಗೆ ನಾಲ್ಕು ಮೊಟ್ಟೆಯನ್ನೂ ಹಾಕುವುದು ರೂಢಿ. ಮಾಂಸ ದುಬಾರಿ, ಮಕ್ಕಳು ಮೊದಲು ಆರಿಸಿ ತಿನ್ನುವುದೂ ಮೊಟ್ಟೆಯನ್ನೇ. ಹಾಗಾಗಿ ಬರೀ ಮೊಟ್ಟೆಯ ಜಾಂಗ್‌ಜೋರಿಮ್ ಮನೆಮನೆಯ ಅಡುಗೆಯಾಗಿದೆ. ಒಮ್ಮೆ ಮಾಡಿ ಫ್ರಿಜ್‌ನಲ್ಲಿಟ್ಟು ಮೂರು-ನಾಲ್ಕು ದಿನ ಅನ್ನಕ್ಕೆ ನಂಚಿಕೊಳ್ಳಲು ಬಡಿಸುವ ಇಂಥವನ್ನು ಅಲ್ಲಿ ‘ಮಿತ್‌ಬಾನ್‌ಚಾನ್’ ಎನ್ನುತ್ತಾರೆ.

ಮಾಡುವುದು ಸುಲಭ, ಕೆಡಿಸುವುದೂ ಅಷ್ಟೇ ಸುಲಭ. ಬಣ್ಣ ಬೇಗ ಹಿಡಿಯಲಿ ಎಂದು ಅರ್ಧ ಗಂಟೆ ಜೋರಾಗಿ ಕುದಿಸಿದರೆ ಮೊಟ್ಟೆ ರಬ್ಬರಾಗುತ್ತದೆ, ರಸ ಉಪ್ಪುಕಷಾಯವಾಗುತ್ತದೆ. ಮಕ್ಕಳಿಗೆ ಮಾಡುವಾಗ ಒಲೆಯ ಮೇಲಿನ ಕೆಲಸ ಕಡಿಮೆ, ಫ್ರಿಜ್‌ನೊಳಗಿನದು ಹೆಚ್ಚು: ಸೋಯಾ ಸಾಸ್ ಅರ್ಧಕ್ಕಿಳಿಸಿ, ಹನ್ನೆರಡು-ಹದಿನೈದು ನಿಮಿಷ ಸಣ್ಣಗೆ ಬತ್ತಿಸಿ, ರಾತ್ರಿಯಿಡೀ ನೆನೆಯಲು ಬಿಡಬೇಕು. ಈ ಅಳತೆಗಳೆಲ್ಲ ಆ ಲೆಕ್ಕದವು.

ಬೇಕಾಗುವುದು

ಕೋಳಿಮೊಟ್ಟೆ 8 (ತಲಾ 50 ಗ್ರಾಂ ಆಸುಪಾಸಿನವು)
ನೀರು 500 ಮಿ.ಲೀ.
ಹುದುಗಿಸಿ ಮಾಡಿದ ಸೋಯಾ ಸಾಸ್ 60 ಮಿ.ಲೀ.
ಸಕ್ಕರೆ 12 ಗ್ರಾಂ (ಮಟ್ಟವಾಗಿ 1 ಟೇಬಲ್ ಚಮಚ)
ಮುಲ್‌ಯೋತ್ ಅಥವಾ ಜೋನಿ ಬೆಲ್ಲ 1 ಟೇಬಲ್ ಚಮಚ
ದಾಶಿಮಾ 5 ಸೆಂ.ಮೀ. ಚೌಕದ 2 ತುಂಡು
ಈರುಳ್ಳಿ ಅರ್ಧ, ಈರುಳ್ಳಿ ಹೂವಿನ ಬಿಳಿ ಬುಡ 1, ಬೆಳ್ಳುಳ್ಳಿ 6 ಎಸಳು, ಶುಂಠಿ ತೆಳುವಾದ 1 ಬಿಲ್ಲೆ

ಇಲ್ಲಿ ಟೇಬಲ್ ಚಮಚವೆಂದರೆ 15 ಮಿ.ಲೀ. ಕೊರಿಯನ್ ಅಡುಗೆಯವರು ಬಹಳ ಸಲ ಅನ್ನ ತಿನ್ನುವ ಚಮಚದಲ್ಲೇ ಅಳೆಯುತ್ತಾರೆ, ಅದರಲ್ಲಿ ಹಿಡಿಯುವುದು 10-12 ಮಿ.ಲೀ. ಮಾತ್ರ. ಅವರ ಅಡುಗೆ ವಿಧಾನ ನೋಡಿ ಅಳತೆ ಚಮಚದಲ್ಲಿ ಸುರಿದರೆ ಉಪ್ಪಾಗುವುದು ಇದರಿಂದಲೇ. ಮೊಟ್ಟೆಯ ಗಾತ್ರವೂ ಬೇರೆ. ಕೊರಿಯಾದ ಅಂಗಡಿಗಳಲ್ಲಿ ಹೆಚ್ಚಾಗಿ ಕಾಣುವ ‘ತೆಉಕ್‌ರಾನ್’ ದರ್ಜೆಯ ಮೊಟ್ಟೆ 60ರಿಂದ 68 ಗ್ರಾಂ ತೂಗುತ್ತದೆ, ನಮ್ಮ ಕಡೆಯದು ಅದಕ್ಕಿಂತ ಚಿಕ್ಕದು. ಅವರ ಲೆಕ್ಕದ ಹತ್ತು ಮೊಟ್ಟೆಯ ಸಾಸಿಗೆ ನಮ್ಮ ಹತ್ತನ್ನು ಹಾಕಿದರೆ ಅಲ್ಲೂ ಉಪ್ಪು ಮುಂದಾಗುತ್ತದೆ.

ದಾಶಿಮಾ ಎಂದರೆ ಒಣಗಿಸಿದ ಕಡಲಪಾಚಿಯ ದಪ್ಪ ಹಾಳೆ. ರಸಕ್ಕೆ ಮೈಕಟ್ಟು ಕೊಡುವುದು ಇದೇ. ಮೇಲಿನ ಬಿಳಿ ಪುಡಿ ಬೂಷ್ಟಲ್ಲ, ತೊಳೆಯದೆ ಒಣಬಟ್ಟೆಯಲ್ಲಿ ಮೆಲ್ಲಗೆ ಒರೆಸಿದರೆ ಸಾಕು. ಸಿಗದಿದ್ದರೆ ಒಣಗಿದ ಶಿಟಾಕೆ ಅಣಬೆ ಎರಡು ಹಾಕಿ. ಎರಡೂ ಇಲ್ಲವೆಂದರೆ ಈರುಳ್ಳಿಯನ್ನು ಅರ್ಧದ ಬದಲು ಒಂದು ಮಾಡಿ, ನಡೆಯುತ್ತದೆ. ಮುಲ್‌ಯೋತ್ ಧಾನ್ಯದ ಪಿಷ್ಟದಿಂದ ಮಾಡಿದ ಅಂಟುಪಾಕ, ಮೊಟ್ಟೆಗೆ ಹೊಳಪು ಬರುವುದು ಅದರಿಂದ. ಜೋನಿ ಬೆಲ್ಲ ಆ ಜಾಗಕ್ಕೆ ಚೆನ್ನಾಗಿ ಕೂರುತ್ತದೆ. ಬಣ್ಣ ತುಸು ಗಾಢವಾಗುತ್ತದೆ, ಬೆಲ್ಲದ ವಾಸನೆ ಹಿಂದಿನಿಂದ ಇಣುಕುತ್ತದೆ. ಕೊರಿಯನ್ ವಿಧಾನಗಳಲ್ಲಿ ಬರುವ ‘ಮಿರಿಮ್’ ಸಿಹಿಯಾದ ಅಡುಗೆ ಮದ್ಯ, ಮೊಟ್ಟೆಯ ಹಸಿವಾಸನೆ ಕಳೆಯಲು ಹಾಕುವುದು. ಆ ಕೆಲಸವನ್ನು ಇಲ್ಲಿ ಶುಂಠಿ ಮಾಡುತ್ತದೆ.

ಸೋಯಾ ಸಾಸಿನ ಬಾಟಲಿ

ಅಡುಗೆ ಅರ್ಧ ಗೆಲ್ಲುವುದೋ ಸೋಲುವುದೋ ಈ ಬಾಟಲಿಯಲ್ಲಿ. ಕೊರಿಯಾದಲ್ಲಿ ಸೋಯಾ ಸಾಸಿಗೆ ‘ಗಾಂಜಾಂಗ್’ ಎನ್ನುತ್ತಾರೆ, ಅದರಲ್ಲಿ ಮೂರು ಬಗೆ ಮುಖ್ಯ. ‘ಗುಕ್‌ಗಾಂಜಾಂಗ್’ ಸಾರಿಗೆ ಹಾಕುವುದು: ಬಣ್ಣ ತೆಳು, ಉಪ್ಪು ಹೆಚ್ಚು. ಬಣ್ಣ ಬರಲಿಲ್ಲವೆಂದು ಇದನ್ನು ಇನ್ನಷ್ಟು ಸುರಿದರೆ ಮುಗಿಯಿತು, ಹಾಗಾಗಿ ಜಾಂಗ್‌ಜೋರಿಮ್‌ಗೆ ಇದು ಬೇಡ. ‘ಜಿನ್‌ಗಾಂಜಾಂಗ್’ ಗಾಢ ಬಣ್ಣದ್ದು, ಕುದಿಸಿದರೂ ರುಚಿ ಕೆಡದೆ ನಿಲ್ಲುತ್ತದೆ, ಬತ್ತಿಸುವ ಅಡುಗೆಗೆ ಅಲ್ಲಿ ರೂಢಿಯಲ್ಲಿರುವುದು ಇದೇ. ಆದರೆ ಈ ಹೆಸರಲ್ಲಿ ಬರುವ ಹಲವು ಬಾಟಲಿಗಳಲ್ಲಿ ಹುದುಗಿಸಿದ ಸಾಸಿನ ಜೊತೆ ಆಮ್ಲದಿಂದ ಬೇಗ ಒಡೆದು ತಯಾರಿಸಿದ ಸೋಯಾ ದ್ರವವೂ ಬೆರೆತಿರುತ್ತದೆ. ‘ಯಾಂಗ್‌ಜೋ ಗಾಂಜಾಂಗ್’ ಪೂರ್ತಿ ಹುದುಗಿಸಿದ್ದು. ಮಕ್ಕಳಿಗೆ ಇದು ಒಳ್ಳೆಯದು, ನಾವು ಕುದಿಸುವುದೂ ಸ್ವಲ್ಪ ಹೊತ್ತು ಮಾತ್ರ. ಸೆಂಪ್ಯೋ ಕಂಪನಿಯ ಯಾಂಗ್‌ಜೋ ಬಾಟಲಿಯ ಮೇಲಿನ 501, 701 ಎಂಬ ಅಂಕಿಗಳು ಒಟ್ಟು ಸಾರಜನಕ ಶೇ 1.5, ಶೇ 1.7 ಎಂಬುದರ ಗುರುತು. ಅಂಕಿ ಹೆಚ್ಚಿದ್ದರೆ ರುಚಿಯ ಸಾರ ಹೆಚ್ಚು.

ನಮ್ಮ ಊರಿನ ಅಂಗಡಿಯಲ್ಲಿ ಗೋಬಿ ಮಂಚೂರಿ, ನೂಡಲ್ಸ್‌ಗೆಂದು ಸಿಗುವ ಡಾರ್ಕ್ ಸೋಯಾ ಸಾಸ್ ಹಾಕಬೇಡಿ. ಅದರ ಕಪ್ಪು ಬಣ್ಣ ಬಹುಪಾಲು ಕ್ಯಾರಮೆಲ್‌ನದು. ಹದಿನೈದು ನಿಮಿಷ ಬತ್ತಿಸಿದರೆ ಮೊಟ್ಟೆ ಇದ್ದಿಲಿನ ಬಣ್ಣಕ್ಕೆ ತಿರುಗಿ ಕಹಿ ಮುಟ್ಟುತ್ತದೆ. ಬಾಟಲಿಯ ಹಿಂದೆ ಸೋಯಾ ಕಾಳು, ಗೋಧಿ, ಉಪ್ಪು, ನೀರು ಇಷ್ಟೇ ಬರೆದಿದ್ದರೆ ಅದನ್ನು ತನ್ನಿ. ಜೊತೆಗೆ ಸೋಡಿಯಂ ಎಷ್ಟೆಂದು ನೋಡಿ. ಸಾಮಾನ್ಯ ಹುದುಗಿಸಿದ ಸಾಸಿನಲ್ಲಿ 15 ಮಿ.ಲೀ.ಗೆ 900ರಿಂದ 1,000 ಮಿ.ಗ್ರಾಂ ಇರುತ್ತದೆ. ನಿಮ್ಮ ಬಾಟಲಿಯಲ್ಲಿ ಅದಕ್ಕಿಂತ ಹೆಚ್ಚಿದ್ದರೆ, ಎಂಟು ಮೊಟ್ಟೆಯ ಪಾತ್ರೆಗೆ ಒಟ್ಟು ಸೋಡಿಯಂ 3,800 ಮಿ.ಗ್ರಾಂ ದಾಟದಂತೆ ಸಾಸನ್ನು ಇಳಿಸಿ. ಬಣ್ಣ ಪೇಲವವಾದರೆ ಆಗಲಿ, ಮಗು ಬಣ್ಣ ಕೇಳುವುದಿಲ್ಲ.

ಮೊಟ್ಟೆ ಬೇಯಿಸುವುದು, ಸುಲಿಯುವುದು

ಇಂದೇ ಇಟ್ಟ ಮೊಟ್ಟೆ ಬೇಡ. ಹೊಸ ಮೊಟ್ಟೆಯ ಬಿಳಿಭಾಗ ಒಳಪೊರೆಗೆ ಕಚ್ಚಿಕೊಂಡಿರುತ್ತದೆ. ದಿನ ಕಳೆದಂತೆ ಚಿಪ್ಪಿನ ಸೂಕ್ಷ್ಮ ರಂಧ್ರಗಳಿಂದ ಇಂಗಾಲದ ಡೈಆಕ್ಸೈಡ್ ಹೊರಹೋಗಿ ಬಿಳಿಭಾಗ ಹೆಚ್ಚು ಕ್ಷಾರೀಯವಾಗುತ್ತದೆ, ಆಗ ಹಿಡಿತ ಸಡಿಲವಾಗುತ್ತದೆ. ತಂದು ಐದಾರು ದಿನವಾದದ್ದು ಸರಿ. ಈ ಅಡುಗೆಯಲ್ಲಿ ಸಿಪ್ಪೆ ಸುಲಿಯುವಾಗ ಗಾಯವಾದ ಮೊಟ್ಟೆಗೆ ಮಾಫಿ ಇಲ್ಲ: ಕಿತ್ತ ಜಾಗದಲ್ಲಿ ಸಾಸ್ ನುಗ್ಗಿ ಕಪ್ಪು ಕಲೆ ನಿಲ್ಲುತ್ತದೆ, ಹಳದಿ ಕಂಡರೆ ಅದು ಕರಗಿ ರಸವನ್ನೇ ರಾಡಿ ಮಾಡುತ್ತದೆ.

ಮೊಟ್ಟೆಯನ್ನು ಫ್ರಿಜ್‌ನಿಂದ ತೆಗೆದು 20 ನಿಮಿಷ ಹೊರಗಿಡಿ, ತಣ್ಣಗಿನದು ಬಿಸಿನೀರಿಗೆ ಬಿದ್ದರೆ ಚಿಪ್ಪು ಬಿರಿಯುತ್ತದೆ. ನೀರು ಮೊದಲು ಕುದಿಯಲಿ, ಆಮೇಲೆ ಉರಿ ತಗ್ಗಿಸಿ ಸೌಟಿನಲ್ಲಿ ಒಂದೊಂದೇ ಇಳಿಸಿ. ತಣ್ಣೀರಿನಿಂದ ಶುರುಮಾಡಿದ ಮೊಟ್ಟೆಗಿಂತ ಹೀಗೆ ಬಿಸಿನೀರಿಗೆ ಇಳಿಸಿದ್ದು ಚೆನ್ನಾಗಿ ಸುಲಿಯುತ್ತದೆ. ಮೊದಲ ಎರಡು ನಿಮಿಷ ಚಮಚದಿಂದ ಒಂದೇ ದಿಕ್ಕಿಗೆ ಮೆಲ್ಲಗೆ ಉರುಳಿಸುತ್ತಿದ್ದರೆ ಹಳದಿ ನಡುವಿಗೆ ಕೂರುತ್ತದೆ. ಉರುಳಿಸದಿದ್ದರೆ ಅದು ಒಂದು ಪಕ್ಕಕ್ಕೆ ಸರಿದು, ಅಲ್ಲಿ ಬಿಳಿಯ ಗೋಡೆ ತೆಳುವಾಗಿ, ಬತ್ತಿಸುವಾಗ ಅದೇ ಜಾಗ ಒಡೆಯುತ್ತದೆ.

50 ಗ್ರಾಮಿನ ಮೊಟ್ಟೆಗೆ ಮಂಗಳೂರಿನಂಥ ಕಡಲತೀರದ ಊರಲ್ಲಿ 9 ನಿಮಿಷ. ಬೆಂಗಳೂರು ಸುಮಾರು 900 ಮೀಟರ್ ಎತ್ತರದಲ್ಲಿದೆ, ಅಲ್ಲಿ ನೀರು ಕುದಿಯುವುದು 97 ಡಿಗ್ರಿ ಸೆಲ್ಸಿಯಸ್ ಸುಮಾರಿಗೆ. ಹಾಗಾಗಿ ಇನ್ನೊಂದು ನಿಮಿಷ ಕೊಡಿ. ಹಳದಿ ಪೂರ್ತಿ ಗಟ್ಟಿಯಾಗಿರಬೇಕು. ಕೊರಿಯಾದಲ್ಲೇ ಹೆಸರಾದ ‘ಮಾಯಾಕ್ ಗ್ಯೇರಾನ್’ನಲ್ಲಿ ಅರೆಬೆಂದ ಮೊಟ್ಟೆಯನ್ನು ಬರೀ ನೆನೆಹಾಕುತ್ತಾರೆ, ಹಳದಿ ಜೇನಿನಂತೆ ಹರಿಯುತ್ತದೆ. ಅದು ದೊಡ್ಡವರ ಚಪಲಕ್ಕೆ. ಅರೆಬೆಂದ ಮೊಟ್ಟೆಯಲ್ಲಿ ಸಾಲ್ಮೊನೆಲ್ಲಾ ಎಂಬ ರೋಗಾಣು ಉಳಿಯುವ ಅಪಾಯವಿದೆ, ಚಿಕ್ಕ ಮಕ್ಕಳಿಗೆ ಬೇಡ.

ಗಂಟೆ ಹೊಡೆದ ಕೂಡಲೇ ಐಸ್ ಹಾಕಿದ ನೀರಿಗೆ ಬೀಳಲಿ, ಹತ್ತು ನಿಮಿಷ ಅಲ್ಲೇ ಇರಲಿ. ತಡಮಾಡಿದರೆ ಬಿಳಿಭಾಗದ ಗಂಧಕವೂ ಹಳದಿಯ ಕಬ್ಬಿಣವೂ ಕೂಡಿ ಹಳದಿಯ ಸುತ್ತ ಹಸಿರು-ಬೂದು ಬಳೆ ಕಟ್ಟುತ್ತದೆ. ತಿಂದರೆ ತೊಂದರೆಯಿಲ್ಲ, ಆದರೆ ವಾಸನೆ ಹಿಡಿದು ಮಗು ತಟ್ಟೆ ದೂಡುತ್ತದೆ. ಸುಲಿಯುವಾಗ ದಪ್ಪ ತುದಿಯಿಂದ ಶುರುಮಾಡಿ. ಗಾಳಿಗೂಡು ಅಲ್ಲಿರುವುದರಿಂದ ಪೊರೆಗೆ ಉಗುರು ಸಿಗುತ್ತದೆ. ಪೊರೆ ಕೈಗೆ ಬಂದರೆ ಚಿಪ್ಪು ತಾನೇ ಹಿಂದೆ ಬರುತ್ತದೆ. ನೀರಿನೊಳಗೇ ಸುಲಿದರೆ ಇನ್ನೂ ಸಲೀಸು.

ರಸ ಮಾಡಿ ಬತ್ತಿಸುವುದು

ಪಾತ್ರೆ ಚಿಕ್ಕದಿರಲಿ. 16 ಸೆಂ.ಮೀ. ಅಗಲದ ಆಳವಾದ ಪಾತ್ರೆಯಲ್ಲಿ ಎಂಟು ಮೊಟ್ಟೆ ಒತ್ತೊತ್ತಾಗಿ ಕೂತು 500 ಮಿ.ಲೀ. ರಸದಲ್ಲಿ ಮುಳುಗುತ್ತವೆ. ಅಗಲ ಬಾಣಲೆ ತೆಗೆದುಕೊಂಡಿರೋ, ರಸ ಕಾಲಮಟ್ಟಕ್ಕೆ ನಿಲ್ಲುತ್ತದೆ. ಮುಳುಗಿಸಲು ನೀರು ಹೆಚ್ಚಿಸಬೇಕು, ನೀರಿಗೆ ತಕ್ಕ ಸಾಸ್ ಹೆಚ್ಚಿಸಬೇಕು. ಮಕ್ಕಳ ಅಡುಗೆಗೆ ಉಪ್ಪು ಏರುವ ದೊಡ್ಡ ದಾರಿ ಇದೇ.

ದಾಶಿಮಾವನ್ನು ತಣ್ಣೀರಲ್ಲಿ 20 ನಿಮಿಷ ನೆನೆಸಿ, ಅದೇ ನೀರಿನೊಂದಿಗೆ ಒಲೆಗಿಡಿ. ಅಂಚಲ್ಲಿ ಗುಳ್ಳೆ ಏಳುತ್ತಿದ್ದಂತೆ ತೆಗೆದುಬಿಡಿ, ಕುದಿಯಲ್ಲಿ ಹೆಚ್ಚು ಹೊತ್ತು ಬಿಟ್ಟರೆ ಲೋಳೆ ಬಿಟ್ಟು ರಸ ಕಹಿಯಾಗುತ್ತದೆ. ಈಗ ಈರುಳ್ಳಿ, ಬಿಳಿ ಬುಡ, ಶುಂಠಿ, ಬೆಳ್ಳುಳ್ಳಿ ಹಾಕಿ ಸಾಧಾರಣ ಉರಿಯಲ್ಲಿ 10 ನಿಮಿಷ ಕುದಿಸಿ. ಈರುಳ್ಳಿ ಗಾಜಿನಂತಾಗಿ ನೀರಿಗೆ ಸಿಹಿ ಬಿಟ್ಟಿರುತ್ತದೆ. ಬೆಳ್ಳುಳ್ಳಿ ಎಸಳುಗಳನ್ನು ಮಾತ್ರ ಉಳಿಸಿ ಮಿಕ್ಕವನ್ನು ಹೆಕ್ಕಿ ತೆಗೆಯಿರಿ. ರಸದಲ್ಲಿ ಬೆಂದ ಬೆಳ್ಳುಳ್ಳಿ ಬೆಣ್ಣೆಯಂತಾಗುತ್ತದೆ, ಘಾಟು ಹೋಗಿರುತ್ತದೆ, ಮಕ್ಕಳೂ ತಿನ್ನುತ್ತಾರೆ.

ಸೋಯಾ ಸಾಸ್, ಸಕ್ಕರೆ ಸೇರಿಸಿ, ಒಂದು ಕುದಿ ಬಂದ ಮೇಲೆ ಮೊಟ್ಟೆ ಇಳಿಸಿ. ಉರಿಯನ್ನು ಎಷ್ಟಕ್ಕೆ ತಗ್ಗಿಸಬೇಕೆಂದರೆ, ಗುಳ್ಳೆಗಳು ಬದಿಯಲ್ಲಿ ಪುಟಪುಟನೆ ಏಳುತ್ತಿರಬೇಕು, ಮೊಟ್ಟೆಗಳು ಒಂದಕ್ಕೊಂದು ತಾಗಿ ಸದ್ದು ಮಾಡಬಾರದು. ಸದ್ದು ಬಂತೆಂದರೆ ಬಿಳಿಭಾಗಕ್ಕೆ ಬಿರುಕು ಬೀಳುತ್ತಿದೆ ಎಂದೇ ಅರ್ಥ. ಮುಚ್ಚಳ ಬೇಡ. ಮೂರು ನಿಮಿಷಕ್ಕೊಮ್ಮೆ ಮರದ ಚಮಚದಿಂದ ಹೊರಳಿಸಿ. ಬೆಂದ ಮೊಟ್ಟೆಗೂ ಒಂದು ಹಗುರ ಪಕ್ಕ ಇರುತ್ತದೆ, ಹೊರಳಿಸಿದರೂ ಅದೇ ಪಕ್ಕ ತಿರುಗಿ ಮೇಲೇಳುತ್ತದೆ, ಕೊನೆಗೆ ಅಲ್ಲಿ ಬೋಳುತಲೆಯಂತೆ ಬಿಳಿ ಉಳಿಯುತ್ತದೆ. ಪಾತ್ರೆಗಿಂತ ಚಿಕ್ಕದಾದ ಒಂದು ಸ್ಟೀಲ್ ತಟ್ಟೆಯನ್ನು ನೇರ ಮೊಟ್ಟೆಯ ಮೇಲೆ ಕವುಚಿಟ್ಟರೆ ಎಲ್ಲವೂ ಮುಳುಗಿರುತ್ತವೆ, ಬದಿಯಿಂದ ಹಬೆಯೂ ಹೋಗುತ್ತದೆ.

12ನೇ ನಿಮಿಷಕ್ಕೆ ನೋಡಿ. ರಸ ಸುಮಾರು 300 ಮಿ.ಲೀ.ಗೆ ಇಳಿದು ಮೊಟ್ಟೆಯ ಬೆನ್ನು ಹೊರಗೆ ಕಾಣುವ ಹೊತ್ತಿಗೆ ಮುಲ್‌ಯೋತ್ ಅಥವಾ ಜೋನಿ ಬೆಲ್ಲ ಹಾಕಿ, ಎರಡು ನಿಮಿಷ ಬಿಟ್ಟು ಒಲೆ ಆರಿಸಿ. ಇನ್ನೂ ನೀರುನೀರಾಗಿದೆ ಅನಿಸುತ್ತದೆ, ಹಾಗೇ ಇರಬೇಕು. ದೊಡ್ಡವರಿಗೆ ಇದೇ ಪಾತ್ರೆಗೆ 100-120 ಮಿ.ಲೀ. ಸಾಸ್ ಹಾಕಿ ಅಂಟಂಟಾಗುವವರೆಗೆ ಬತ್ತಿಸುವುದುಂಟು. ನೀರು ಹೋದಷ್ಟೂ ಉಪ್ಪು ಉಳಿದಿರುವುದರಲ್ಲೇ ಮಡುಗಟ್ಟುತ್ತದೆ, ಬಿಸಿಯೂ ಉಪ್ಪೂ ಸೇರಿ ಬಿಳಿಭಾಗದ ನೀರು ಹಿಂಡಿ ಅದನ್ನು ಗಟ್ಟಿ ಮಾಡುತ್ತವೆ.

ಪಾತ್ರೆಯನ್ನು ತಣ್ಣೀರ ತಟ್ಟೆಯಲ್ಲಿಟ್ಟು ಬೇಗ ಆರಿಸಿ. ಆಳವಾದ ಕಿರಿದಾದ ಡಬ್ಬಿಗೆ ರಸದ ಸಮೇತ ಸುರಿದು ಫ್ರಿಜ್‌ಗಿಡಿ, ಕನಿಷ್ಠ 8 ಗಂಟೆ. ಒಲೆಯಿಂದ ಇಳಿಸಿದಾಗ ಬಣ್ಣ ಚರ್ಮದ ಮೇಲಷ್ಟೇ ಇರುತ್ತದೆ. ಮರುದಿನ ದಾರದಿಂದ ಕೊಯ್ದು ನೋಡಿದರೆ ತಿಳಿಕಾಫಿ ಬಣ್ಣದ ಅಂಚು ಒಳಕ್ಕಿಳಿದಿರುತ್ತದೆ, ಅದರೊಳಗೆ ಕೆನೆಬಿಳಿ, ನಡುವೆ ಹಳದಿ. ದಾರವೇ ವಾಸಿ, ಚಾಕು ಹಳದಿಯನ್ನು ಬಿಳಿಯ ಮೇಲೆ ಬಳಿಯುತ್ತದೆ.

ಎಷ್ಟು ಕೊಡಬಹುದು

60 ಮಿ.ಲೀ. ಸಾಸಿನಲ್ಲಿ ಸುಮಾರು 9.6 ಗ್ರಾಂ ಉಪ್ಪಿದೆ. ಅದು 300 ಮಿ.ಲೀ. ರಸಕ್ಕೂ 400 ಗ್ರಾಂ ಮೊಟ್ಟೆಗೂ ಸಮವಾಗಿ ಹಂಚಿಹೋಯಿತೆಂದೇ ಹಿಡಿದರೂ ಒಂದು ಮೊಟ್ಟೆಗೆ ಹೊರಗಿನಿಂದ ಬರುವುದು ಹೆಚ್ಚೆಂದರೆ 0.7 ಗ್ರಾಂ. ಬ್ರಿಟನ್ನಿನ ಆರೋಗ್ಯ ಸೇವೆಯ ಸಲಹೆಯಂತೆ ದಿನಕ್ಕೆ 1ರಿಂದ 3 ವರ್ಷದವರಿಗೆ 2 ಗ್ರಾಂ, 4ರಿಂದ 6ರವರಿಗೆ 3 ಗ್ರಾಂ, 7ರಿಂದ 10ರವರಿಗೆ 5 ಗ್ರಾಂ ಉಪ್ಪು ಮಿತಿ. ಎರಡು ವರ್ಷದ ಮಗುವಿಗೆ ಅರ್ಧ ಮೊಟ್ಟೆ, ಒಂದು ಟೀ ಚಮಚ ರಸ ಕೊಟ್ಟರೆ ಅರ್ಧ ಗ್ರಾಂ ಸುಮಾರಿಗೆ ನಿಲ್ಲುತ್ತದೆ. ಆ ಹೊತ್ತಿನ ಅನ್ನಕ್ಕೆ ಬೇರೆ ಉಪ್ಪು, ಹಪ್ಪಳ, ಉಪ್ಪಿನಕಾಯಿ ಇರಬಾರದು. ಐದು ವರ್ಷ ದಾಟಿದವರಿಗೆ ಒಂದು ಮೊಟ್ಟೆ ಆದೀತು. ವರ್ಷ ತುಂಬದ ಕೂಸಿಗೆ ಇದು ಬೇಡವೇ ಬೇಡ. ಸಿಹಿಗೆ ಜೇನು ಹಾಕಿದ್ದನ್ನಂತೂ ನೆಕ್ಕಿಸಲೂ ಬಾರದು, ಜೇನಿನಲ್ಲಿ ಬಾಟುಲಿಸಂ ಎಂಬ ಕಾಯಿಲೆ ತರುವ ಬೀಜಾಣುಗಳಿರಬಹುದು. ಮೊಟ್ಟೆ, ಸೋಯಾ, ಗೋಧಿ ಮೂರೂ ಅಲರ್ಜಿ ತರಬಲ್ಲವು. ಸಾಸಿನಲ್ಲಿ ಗೋಧಿ ಇದೆಯೆಂಬುದು ಬಹಳ ಜನಕ್ಕೆ ಹೊಳೆಯುವುದಿಲ್ಲ.

ಕೊರಿಯಾದಲ್ಲಿ ಶಾಲೆಯ ಊಟಕ್ಕೂ ಮನೆಗೂ ಕ್ವೇಲ್ ಹಕ್ಕಿಯ ಮೊಟ್ಟೆಯ ‘ಮೆಚುರಿಆಲ್ ಜಾಂಗ್‌ಜೋರಿಮ್’ ಇನ್ನೂ ಹೆಚ್ಚು ಜನಪ್ರಿಯ. 10-12 ಗ್ರಾಮಿನ ಪುಟ್ಟ ಮೊಟ್ಟೆ, ಕುದಿಯುವ ನೀರಲ್ಲಿ 5 ನಿಮಿಷ ಸಾಕು, ರಸದಲ್ಲಿ 8 ನಿಮಿಷ. ಸುಲಿಯಲು ಮುಚ್ಚಳದ ಡಬ್ಬಿಗೆ ತುಸು ನೀರಿನೊಂದಿಗೆ ಹಾಕಿ ಹತ್ತು ಸಲ ಮೆಲ್ಲಗೆ ಅಲುಗಿಸಿ, ಚಿಪ್ಪು ಬಲೆಯಂತೆ ಬಿರಿದು ಒಂದೇ ಎಳೆಗೆ ಬರುತ್ತದೆ. ಆದರೆ ಚಿಕ್ಕವರಿಗೆ ಇಡಿಯಾಗಿ ಕೊಡಬಾರದು. ನುಣುಪಾದ, ಉರುಟಾದ, ಮಗುವಿನ ಗಂಟಲಿಗೆ ಬಿರಡೆಯಂತೆ ಕೂರುವ ಗಾತ್ರ ಅದು. 2024ರ ಫೆಬ್ರವರಿಯಲ್ಲಿ ಜಪಾನಿನ ಫುಕುವೊಕಾ ಪ್ರಾಂತ್ಯದಲ್ಲಿ ಒಂದನೇ ತರಗತಿಯ ಬಾಲಕನೊಬ್ಬ ಶಾಲೆಯ ಊಟದ ಕ್ವೇಲ್ ಮೊಟ್ಟೆ ಗಂಟಲಿಗೆ ಸಿಕ್ಕಿ ತೀರಿಕೊಂಡ. ಉದ್ದಕ್ಕೆ ನಾಲ್ಕು ಸೀಳಿ ಮಾಡಿ, ಕೂರಿಸಿಕೊಂಡೇ ತಿನ್ನಿಸಿ.

ಕೊರಿಯನ್ ಮಕ್ಕಳಿಗೆ ಇಷ್ಟದ ರೀತಿ: ಬಿಸಿ ಅನ್ನದ ಮೇಲೆ ಉಪ್ಪಿಲ್ಲದ ಬೆಣ್ಣೆ ಅರ್ಧ ಟೀ ಚಮಚ, ಮೊಟ್ಟೆ ಕಿವುಚಿದ್ದು, ಒಂದು ಚಮಚ ರಸ. ಬಿಸಿಯನ್ನ-ತುಪ್ಪದ ಮನೆಯವರಿಗೆ ಇದು ಹೊಸದೇನಲ್ಲ, ತುಪ್ಪವನ್ನೇ ಹಾಕಬಹುದು. ಅವರ ಅಕ್ಕಿ ಗಿಡ್ಡ ಕಾಳಿನದು, ಬೆಂದರೆ ಅಂಟಿಕೊಳ್ಳುತ್ತದೆ. ನಮ್ಮ ಸೋನಾ ಮಸೂರಿ ಉದುರುದುರಾದರೆ ರಸ ತಟ್ಟೆಯ ತಳ ಸೇರುತ್ತದೆ. ಅಂದಿನ ಮಟ್ಟಿಗೆ ಅಕ್ಕಿಗೆ ಅರ್ಧ ಲೋಟ ನೀರು ಹೆಚ್ಚಿಡಿ.

ದೊಡ್ಡವರ ಪಾಲು, ಕೆಡುವ ಬಗೆ, ಉಳಿದ ರಸ

ಮನೆಯವರಿಗೆಲ್ಲ ಒಂದೇ ಪಾತ್ರೆಯಲ್ಲಿ ಮಾಡುವುದಾದರೆ ಮಕ್ಕಳ ಮೊಟ್ಟೆಯನ್ನೂ ಅದಕ್ಕೆ ತಕ್ಕ ರಸವನ್ನೂ ಮೊದಲು ತೆಗೆದಿಡಿ. ಉಳಿದದ್ದಕ್ಕೆ ಒಂದು ಟೇಬಲ್ ಚಮಚ ಸಾಸ್, ಒಂದು ಹಿಡಿ ‘ಕ್ವಾರಿಗೋಚು’ ಹಾಕಿ ಐದು ನಿಮಿಷ. ಮೈಯೆಲ್ಲ ಸುಕ್ಕಿರುವ ಕೊರಿಯಾದ ಈ ಎಳೆ ಮೆಣಸಿನಕಾಯಿಗೆ ಹೆಸರು ಬಂದದ್ದು ‘ಕ್ವಾರಿ’ಯಿಂದ, ಅದು ನಮ್ಮ ಗುಪ್ಪಟೆ ಹಣ್ಣಿನ ಬಳಗದ ಗಿಡ. ಬದಲಿಗೆ ಬಜ್ಜಿ ಮೆಣಸಿನಕಾಯಿ ತುಂಡು ನಡೆಯುತ್ತದೆ. ಇಡಿಯಾಗಿ ಹಾಕುವುದಿದ್ದರೆ ಫೋರ್ಕಿನಿಂದ ಚುಚ್ಚಿ, ಇಲ್ಲವಾದರೆ ರಸ ಒಳಗಿಳಿಯದು, ಕಚ್ಚಿದಾಗ ಬಿಸಿ ಹಬೆ ನಾಲಗೆ ಸುಡುತ್ತದೆ.

ಉಪ್ಪು ಹೆಚ್ಚಾಯಿತೆಂದು ಮೊಟ್ಟೆ ತೊಳೆಯುವುದರಿಂದ ಉಪಯೋಗವಿಲ್ಲ. ರಸದಲ್ಲಿ ಅರ್ಧ ಚೆಲ್ಲಿ, ಅಷ್ಟೇ ಕುದಿಸಿ ಆರಿಸಿದ ನೀರು ಬೆರೆಸಿ ಇನ್ನೊಂದು ರಾತ್ರಿ ಬಿಡಿ. ಒಳಹೋದ ಉಪ್ಪು ತಿರುಗಿ ಹೊರಬರುತ್ತದೆ.

ಉಪ್ಪು ಇಳಿಸಿದ್ದರಿಂದ ಬಾಳಿಕೆಯೂ ಇಳಿದಿದೆ. 5 ಡಿಗ್ರಿಗಿಂತ ತಣ್ಣಗಿರುವ ಫ್ರಿಜ್‌ನಲ್ಲಿ ನಾಲ್ಕು ದಿನ. ಒಣ ಚಮಚದಿಂದಲೇ ತೆಗೆಯಿರಿ, ಮಗು ಕಚ್ಚಿದ್ದನ್ನು ಡಬ್ಬಿಗೆ ಮರಳಿಸಬೇಡಿ. ಎರಡನೇ ದಿನ ರಸವನ್ನಷ್ಟೇ ಸೋಸಿ, ಒಮ್ಮೆ ಚೆನ್ನಾಗಿ ಕುದಿಸಿ, ಪೂರ್ತಿ ಆರಿಸಿ ಮತ್ತೆ ಸುರಿಯುವುದು ಕೊರಿಯನ್ ಮನೆಗಳ ಹಳೆಯ ಅಭ್ಯಾಸ. ರಸ ಲೋಳೆಯಾದರೆ, ನೊರೆ ಕಂಡರೆ ಚೆಲ್ಲಿ. ಫ್ರೀಜರ್‌ಗೆ ಹಾಕಿದರೆ ಬಿಳಿಭಾಗ ಸ್ಪಂಜಿನಂತಾಗಿ ನೀರು ಬಿಡುತ್ತದೆ. ಶಾಲೆಯ ಡಬ್ಬಿಗೆ ಬೇಸಿಗೆಯಲ್ಲಿ ಬೇಡ, ಹೊರಗೆ ಎರಡು ಗಂಟೆಗಿಂತ ಹೆಚ್ಚು ಇಡುವಂಥದ್ದಲ್ಲ.

ಮೊಟ್ಟೆ ಮುಗಿದ ಮೇಲೆ ರಸ ಉಳಿದೇ ಉಳಿಯುತ್ತದೆ. ಅದಕ್ಕೆ 300 ಗ್ರಾಂ ಆಲೂಗಡ್ಡೆ, ಎರಡು ಸೆಂ.ಮೀ. ಹೋಳು, ನೀರಲ್ಲಿ ಹತ್ತು ನಿಮಿಷ ನೆನೆಸಿ ಪಿಷ್ಟ ತೊಳೆದದ್ದು. ಹೋಳು ಮುಳುಗುವಷ್ಟು ನೀರು ಸೇರಿಸಿ ಸಣ್ಣ ಉರಿಯಲ್ಲಿ 12 ನಿಮಿಷ ಬೇಯಿಸಿದರೆ ‘ಗಾಮ್ಜಾ ಜೋರಿಮ್’. ಚಮಚದ ಬೆನ್ನಿಗೆ ಹೋಳು ಒಡೆಯುವ ಮುಂಚೆ ಇಳಿಸಿ, ಮೇಲೆ ಹುರಿದ ಎಳ್ಳು ಉದುರಿಸಿ. ಅದಾದ ಮೇಲೂ ರಸ ಮಿಕ್ಕರೆ ಮೂರನೇ ಸಲಕ್ಕೆ ಎತ್ತಿಡಬೇಡಿ.